ನಿರೀಕ್ಷಿತ ಉತ್ತರ

ಪಾಠ ಯೋಜನೆ ಹದಿನೇಳು. ಏಳನೇ ತರಗತಿ, ಬಿ ವಿಭಾಗ.
ಘಟಕ: ಉಷ್ಣ. ಅವಧಿ: ನಲವತ್ತು ನಿಮಿಷ.
ಸ್ಕೇಲಿಟ್ಟು ಗೆರೆ ಎಳೆದು ನಾಲ್ಕು ಮನೆ ಮಾಡಿದ್ದೆ:
ನಾನು ಹೇಳುವುದು, ನಾನು ಮಾಡುವುದು,
ಕಪ್ಪುಹಲಗೆಯ ಮೇಲೆ ಬರೆಯುವುದು,
ಕೊನೆಯ ಮನೆ ಮಕ್ಕಳದು, ನಿರೀಕ್ಷಿತ ಉತ್ತರ.
ಅದನ್ನೂ ನಾನೇ ಬರೆದಿದ್ದೆ,
ಹಾಸ್ಟೆಲಿನ ಮಂಚದ ಮೇಲೆ, ರಾತ್ರಿ ಹನ್ನೊಂದಕ್ಕೆ,
ಹಸಿರು ಶಾಯಿಯಲ್ಲಿ.

ಎಂಟು ಜನ ನಾವು, ಒಂದೇ ಥಾನಿನ ಕಾಲೇಜು ಸೀರೆ,
ಕಂಕುಳಲ್ಲಿ ಸುರುಳಿ ಚಾರ್ಟು.
ದಾವಣಗೆರೆಯ ಸಿಟಿ ಬಸ್ಸಿಳಿದು
ಮಂಡಕ್ಕಿ ಭಟ್ಟಿಗಳ ಸಾಲು ದಾಟಿದರೆ ಶಾಲೆ.
ಮೂಗಿಗೆ ಹೊಗೆ, ಸೆರಗಿಗೆ ಮಸಿ,
ಕಾಂಪೌಂಡಿನ ಮೇಲೆ ಕೂತ ಯಾವನೋ ಕೂಗುತ್ತಾನೆ:
'ಬಂದ್ರಲೋ ಬಿ.ಎಡ್ ಮಿಸ್ಸುಗಳು!'
ನಮಗೆ ಹೆಸರಿಲ್ಲ. ನಲವತ್ತು ದಿನಕ್ಕೆ ಹೆಸರು ಯಾಕೆ?
ಹಾಲೇಶಪ್ಪ ಮೇಷ್ಟ್ರು ತರಗತಿ ಒಪ್ಪಿಸಿ
ಮನೆಗಣತಿಗೆ ಹೊರಟರು, ಹೊಸ್ತಿಲಲ್ಲಿ ತಿರುಗಿ ಅಂದರು:
'ಕಿಟಕಿ ಕದ ಎಳೀಬೇಡಮ್ಮ, ಕೈಗೇ ಬರ್ತದೆ.'

ಪೀಠಿಕೆ ಚೆನ್ನಾಗೇ ಆಯಿತು.
ಕಬ್ಬಿಣದ ಸರಳು, ಸರಳಿಗೆ ಮೇಣ,
ಮೇಣಕ್ಕೆ ಅಂಟಿಸಿದ ಐದು ಗುಂಡುಪಿನ್ನು, ತುದಿಗೆ ಮೋಂಬತ್ತಿ.
ಕಾದಂತೆ ಒಂದೊಂದೇ ಬೀಳಬೇಕು,
ಬಿದ್ದಂತೆ ಮಕ್ಕಳು ಒಂದೇ ದನಿಯಲ್ಲಿ ಅನ್ನಬೇಕು:
ಉಷ್ಣವಹನ.

ಮೊದಲನೆಯದು ಬಿತ್ತು.
ಎರಡನೆಯದಕ್ಕೆ ಗಾಳಿ ಬಂತು.
ಹಚ್ಚಿದೆ. ಆರಿತು. ಅಂಗೈ ಮರೆಮಾಡಿ ಹಚ್ಚಿದೆ. ಬೆರಳು ಸುಟ್ಟಿತು.
ನಲವತ್ತೊಂದು ಮಕ್ಕಳು ಪಿನ್ನು ನೋಡುತ್ತ ಕೂತರು
ಕೊನೇ ಓವರು ನೋಡುವ ಹಾಗೆ.
ಪಿನ್ನು ಕದಲಲಿಲ್ಲ.
ಹಿಂದಿನ ಬೆಂಚಿನಲ್ಲಿ ಕೊಟ್ರಮ್ಮ ಮೇಡಂ
ಕನ್ನಡಕ ಇಳಿಸಿ ಏನೋ ಬರೆದರು.
ಅಷ್ಟು ದೂರದ ಪೆನ್ನಿನ ಸದ್ದು ನನಗೆ ಕೇಳಿತು.

ಆಗ ಮೂರನೇ ಸಾಲಿನ ಜಬೀನಾ,
ಹದಿನಾರು ಪಾಠಗಳಲ್ಲಿ
ಹಾಜರಿ ಹೇಳುವುದು ಬಿಟ್ಟರೆ ಬಾಯಿ ತೆರೆಯದವಳು,
ಎದ್ದಳು. ಕೈ ಎತ್ತದೆ.
'ಮರಳು ಬೇಕು ಮಿಸ್.'
ಏನು?
'ನಮ್ಮ ಭಟ್ಟಿಯಾಗೆ ಅಕ್ಕಿಗೆ ಬೆಂಕಿ ಮುಟ್ಸಂಗಿಲ್ಲ,
ಮುಟ್ಟಿದ್ರೆ ಕರ್ರಗಾಗ್ತತಿ. ಬೆಂಕಿ ಮರಳಿಗೆ,
ಮರಳು ಅಕ್ಕಿಗೆ. ಎಲ್ಲಾ ಕಡೆಯಿಂದ ಒಂದೇ ಸಲ ತಾಗ್ಬೇಕು.
ಅದಕ್ಕೂ ಮುಂಚೆ ಅಕ್ಕಿ ಉಪ್ಪುನೀರು ಕುಡಿದಿರ್ಬೇಕು.
ಮರಳು ಹದಕ್ಕೆ ಬಂತೋ ಇಲ್ಲೋ ಅಂತ
ಅಬ್ಬಾ ನಾಕು ಕಾಳು ಒಗೆದು ನೋಡ್ತಾರೆ.
ಒಂದುಸಿರು ಹೆಚ್ಚು ಬಿಟ್ರೂ ಹೋತು.'
ಹೇಳುತ್ತಿದ್ದಂತೆ ಅವಳ ಕೈ ತಾನಾಗಿ ಜರಡಿಯಾಡಿಸಿತು,
ತೋಳು ಸರಿಯಿತು,
ಮೊಣಕೈ ತನಕ ಮರಳು ಚಿಮ್ಮಿದ ಚುಕ್ಕೆಗಳು.
ದಾದಾಪೀರ ನಕ್ಕ. ಪಕ್ಕದ ಅಂಜಿನಿ ನಗಲಿಲ್ಲ:
'ಹೊಟ್ಟು ಹಾಕ್ತೀರೋ, ಟೈರು ಹಾಕ್ತೀರೋ?'
'ಹೊಟ್ಟು. ಟೈರಿಗೆ ಅಮ್ಮೀಗೆ ಕೆಮ್ಮು ಬರ್ತತಿ.'
ಅಲ್ಲಿಂದಾಚೆ ತರಗತಿ ನನ್ನ ಕೈಯಲ್ಲಿರಲಿಲ್ಲ.

ಚಾಕ್‌ಪೀಸು ಹಿಡಿದು ನಿಂತಲ್ಲೇ ಕೇಳಿದೆ:
ಮರಳು ಎಷ್ಟು ಹೊತ್ತು ಕಾಯಬೇಕು?
ಅದು ಯೋಜನೆಯಲ್ಲಿರಲಿಲ್ಲ.
ಹದಿನೇಳು ಪಾಠಗಳಲ್ಲಿ
ಉತ್ತರ ಗೊತ್ತಿಲ್ಲದೆ ನಾನು ಕೇಳಿದ ಮೊದಲ ಪ್ರಶ್ನೆ.

ಗಂಟೆ ಹೊಡೆಯಿತು.
ಮೇಡಂ ಷರಾ: 'ಪ್ರಯೋಗ ಅಪೂರ್ಣ. ಹಲಗೆಯ ಬಲಭಾಗ ಖಾಲಿ.
ಪುನರಾವರ್ತನೆ ಆಗಿಲ್ಲ.
ತರಗತಿ ನಿಯಂತ್ರಣ ಸುಧಾರಿಸಬೇಕು.'
ಸಹಿ ಮಾಡಿ ಮುಚ್ಚಿದ ಪೆನ್ನನ್ನು ಮತ್ತೆ ಬಿಚ್ಚಿ
ಗೆರೆಯಾಚೆ, ಅಂಚಿನಲ್ಲಿ, ಸಣ್ಣಕ್ಷರದಲ್ಲಿ:
'ಆ ಹುಡುಗಿ ಹೆಸರೇನು?'

ಮರುದಿನ ಜಬೀನಾ ಬರಲಿಲ್ಲ.
ಹಾಜರಿ ಪುಸ್ತಕ ತಿರುವಿದರೆ ಅವಳ ಗುರುವಾರಗಳೆಲ್ಲ ಗೈರು.
ಯಾಕೆಂದು ಯಾರೂ ಕೇಳಿದ್ದಿಲ್ಲ. ನಾನೂ.
ಸರಳು ಮೇಜಿನ ಮೇಲೇ ಮರೆತು ಹೋಗಿದ್ದೆ.
ಕಸ ಗುಡಿಸುತ್ತಿದ್ದ ಅಂಜಿನಿ ಅಂಗೈ ಚಾಚಿದ:
'ನಿಮ್ಮ ಪಿನ್ನು ಮಿಸ್. ಬಿದ್ದಿದ್ವು.'
ನಾಲ್ಕೂ. ತಲೆಗೆ ಇನ್ನೂ ಮೇಣ ಅಂಟಿತ್ತು.
ಯಾವಾಗ ಬಿದ್ದವು?
'ಯಾರು ನೋಡ್ಯಾರೆ' ಅಂದು
ಅವನು ಪೊರಕೆ ಎತ್ತಿಕೊಂಡ.