ಅಳತೆ ಪುಸ್ತಕ

ಗೋಡೆಗೆ ಸುಣ್ಣ ಹೊಡಸ್ತೀನಿ, ಸಾಮಾನು ಸರಿಸಬೇ
ಅಂದು ಹೋದ ಮಳಿಗೆಯ ಯಜಮಾನ.
ಮದುವೆಗಳ ಕಾಲ, ಮೊಣಕಾಲೆತ್ತರ ಜೀನ್ಸಿನ ರಾಶಿ,
ಬಳ್ಳಾರಿಯ ಸುಡು ಮಧ್ಯಾಹ್ನ,
ಕರೆಂಟೂ ಇಲ್ಲ.
ಅಲಮಾರಿ ಸರಿಸಿದೆ, ಕ್ಯಾಲೆಂಡರು ತೆಗೆದೆ.
ಅಲ್ಲಿತ್ತು
ನಿನ್ನ ತಲೆ.

ತಲೆಯಲ್ಲ, ತಲೆಯ ಎಣ್ಣೆ.
ನಮಾಜು ಮುಗಿಸಿ ಬಂದು ಸ್ಟೂಲಿನ ಮೇಲೆ ಕೂತು
ಹಿಂದಕ್ಕೊರಗಿ ಹತ್ತು ನಿಮಿಷ ಕಣ್ಣು ಮುಚ್ಚುತ್ತಿದ್ದೆಯಲ್ಲ,
ಆ ಹತ್ತು ಹತ್ತು ನಿಮಿಷ ಸೇರಿ
ಇಪ್ಪತ್ತು ವರುಷಕ್ಕೆ ಒಂದು ರೊಟ್ಟಿಯಗಲದ ಕಲೆ.
ಹದಿಮೂರು ವರುಷದಿಂದ ಕ್ಯಾಲೆಂಡರು ಬದಲಿಸುವವಳು ನಾನೇ.
ಒಮ್ಮೆಯೂ ಕಂಡಿರಲಿಲ್ಲ ಅಂದರೆ ಸುಳ್ಳು.
ಕಂಡಿತ್ತು. ಕೆಲಸವಿತ್ತು.

ಅಪ್ಪ, ನಿನ್ನ ಅಳತೆ ಪುಸ್ತಕ ಇನ್ನೂ ಇದೆ.
ಇಡೀ ಕೌಲ್ ಬಜಾರಿನ ಸೊಂಟ ಅದರೊಳಗೆ.
ಲಾರಿಯ ಗವಿಸಿದ್ದ ಮೂವತ್ತೆರಡು, ಅದಿರು ಜೋರಿದ್ದ ವರುಷ ಮೂವತ್ತೆಂಟು,
ಆಮೇಲೆ ಮತ್ತೆ ಮೂವತ್ತಮೂರು.
ಬ್ಯಾಂಡಿನಲ್ಲಿ ಕಹಳೆ ಊದುವ ದೇವಪುತ್ರನ ಎದೆ
ಉಸಿರು ಬಿಟ್ಟಾಗ ಮೂವತ್ತಾರು, ಎಳೆದಾಗ ನಲವತ್ತು.
ನನ್ನ ಶಾಲೆಯ ಲಂಗವೂ ಇದೆ, ಪಕ್ಕಕ್ಕೆ ನಿನ್ನ ಸೊಟ್ಟ ಅಕ್ಷರ:
ಎರಡಿಂಚು ಬಿಟ್ಟು ಮಡಚು, ಬೆಳೀತಾಳೆ.
ನಿನ್ನದು ಮಾತ್ರ ಯಾವ ಪುಟದಲ್ಲೂ ಇಲ್ಲ.
ಗಿರಾಕಿ ಬಿಟ್ಟುಹೋದ ಪ್ಯಾಂಟೇ ನಿನಗೆ ಪ್ಯಾಂಟು.
ಉದ್ದವಾದರೆ ಮಡಚಿಕೊಂಡೆ,
ಗಿಡ್ಡವಾದರೆ ಕಾಲು ನೋಡಿಕೊಂಡು ನಕ್ಕೆ.

ಅವತ್ತು ಬಟ್ಟೆಯಂಗಡಿಯವನು ಕೇಳಿದ, ಎತ್ತರ ಎಷ್ಟು?
ಯಾರಿಗೂ ಗೊತ್ತಿಲ್ಲ.
ಚಿಕ್ಕಪ್ಪ ಎದ್ದು ನಿಂತು, ನನಗಿಂತ ಒಂದು ಚೂರು, ಅಂತ
ತಲೆಯ ಮೇಲೆ ಗಾಳಿಯಲ್ಲಿ ಕೈಯಾಡಿಸಿದ.
ಆ ಗಾಳಿಯ ಲೆಕ್ಕಕ್ಕೆ ಹರಿದರು ಬಿಳಿ ಬಟ್ಟೆ.
ಊರಿಗೆಲ್ಲ ಹೊಲಿದ ಕಾಸೀಮ್ ಮಾಸ್ತರನಿಗೆ ಒಂದು ಹೊಲಿಗೆಯಿಲ್ಲ.
ಇರಬಾರದು ಅಂದರು. ಸರಿ.
ಹತ್ತೊಂಬತ್ತರ ನಾನು ಬಾಗಿಲ ಮರೆಯಿಂದ ನೋಡಿದ್ದೊಂದೇ,
ಅಂಚು ಕಟ್ಟಿಲ್ಲ, ದಾರ ಬಿಚ್ಚಿಕೊಳ್ಳುತ್ತೆ.
ಅಳು ಬರಲಿಲ್ಲ. ಅಂಚಿನದೇ ಚಿಂತೆ.
ನಾಲ್ಕನೇ ದಿನ ನಿನ್ನ ಸ್ಟೂಲಿನ ಮೇಲೆ ಕೂತೆ,
ನಲವತ್ತು ಪ್ಯಾಂಟಿಗೆ ಅಡ್ವಾನ್ಸ್ ತಗೊಂಡಿದ್ದೆ ನೀನು.

ಜೀನ್ಸಿನಂಗ ಬೇ, ಒಗೆದಂಗೆಲ್ಲ ಬಣ್ಣ ಇಳೀತೈತಿ
ಅಂದಿದ್ದಳು ವಾಷಿಂಗ್ ಯೂನಿಟ್ಟಿನ ಮಾಬುನ್ನಿ.
ಒಗೆದರೆ ತಾನೆ.
ಮಡಚಿ, ಅಡಿಯಲ್ಲಿಟ್ಟು, ಮೇಲೆ ಕೆಲಸ ಹೇರಿದ್ದೆ.

ಈಗ ಟೇಪು ತಂದು ಹಿಡಿದೆ.
ನೆಲದಿಂದ ಕಲೆಯ ನಡುವಿಗೆ ನಲವತ್ತೇಳೂವರೆ.
ಸ್ಟೂಲು ಹದಿನೆಂಟು, ಕಳೆದೆ.
ಇಪ್ಪತ್ತೊಂಬತ್ತೂವರೆ ಇಂಚು ನೀನು,
ಅದೂ ಕೂತಾಗ.
ನಿಂತವನ ಲೆಕ್ಕ ಈ ಗೋಡೆಗೂ ಗೊತ್ತಿಲ್ಲ.
ಕೂತು ಒರಗಿ ನೋಡಿದೆ, ನನ್ನ ತಲೆಗಿಂತ
ಎರಡಿಂಚು ಮೇಲಿದ್ದೀ.
ಇಷ್ಟು ವರುಷದ ಎಣ್ಣೆಗೆ ವಾಸನೆ ಇರುವುದಿಲ್ಲ, ಗೊತ್ತು.
ಆದರೂ ಮೂಗು ಒತ್ತಿದೆ.
ಬರೀ ಗೋಡೆ.

ವಗ್ಗರಣೆ, ಮಿರ್ಚಿ ಹಿಡಿದು ಬಂದ ಇಸ್ತ್ರಿಯ ಜಂಬಯ್ಯ
ಬಾಗಿಲಲ್ಲೇ ನಿಂತ. ಏನಾತಕ್ಕಾ?
ಮಿರ್ಚಿ ಖಾರ, ಅಂದೆ.
ಪೊಟ್ಟಣ ಇನ್ನಾ ಬಿಚ್ಚೇ ಇಲ್ಲಲ್ಲ, ಅಂದ.
ಕರವಸ್ತ್ರಕ್ಕೆ ಮೂಗು ಸೀಟಿದರೆ ನೀಲಿ,
ನಿನ್ನ ಕರವಸ್ತ್ರ ಒಗೆಯುವಾಗ ಅವ್ವ ಬೈಯುತ್ತಿದ್ದಳಲ್ಲ, ಅದೇ ನೀಲಿ.

ಸಂಜೆಗೆ ಸುಣ್ಣದವನು ಬಂದ.
ಬ್ರಷ್ಷಿನ ಹಿಂಬದಿಯಿಂದ ಕಲೆ ಕೆರೆದು ನೋಡಿ
ತಲೆಯಾಡಿಸಿದ.
ಎಣ್ಣಿ ಐತಿದು. ನಾಕು ಕೈ ಬಳದ್ರೂ ಮತ್ತ ಮೂಡ್ತೈತಿ,
ಆಮೇಲೆ ನನಗ ಬೈಬ್ಯಾಡ್ರಿ.

ಬಳಿ, ಅಂದೆ.

ಕರೆಂಟು ಬಂತು.