ನಿವ್ವಳ ತೂಕ

ತುಂಬಿ ಬಂದಾಗ ಹದಿನಾರು ಟನ್ನು,
ಸುರಿದು ಹೋಗುವಾಗ ಒಂಬತ್ತು.
ಕಳೆದರೆ ಉಳಿಯುವ ಏಳು ಟನ್ನು, ಬರ್ಕಾ.

ಊರಾಚೆ, ಜಾಲಿಗಿಡಕ್ಕೆ ನೀಲಿ ಪ್ಲಾಸ್ಟಿಕ್ಕು ಹೂಬಿಟ್ಟಲ್ಲಿ
ತಗಡಿನ ಕೋಣೆ, ಒಂದು ಎ.ಸಿ., ನಾನು,
ಕೆಂಪು ಅಂಕಿ ಕುಣಿಯುವ ಒಂದು ಪೆಟ್ಟಿಗೆ.
ನಾನು ಬಂದಾಗ ದಿನಕ್ಕೆ ನಾಲ್ಕು ಲಾರಿ;
ಈಗ ಮೂವತ್ತು, ಈದ್ ಮರುದಿನ ಲೆಕ್ಕ ತಪ್ಪುತ್ತೇನೆ.
ಖರ್ಜೂರದ ತೋಟವಿದ್ದಲ್ಲಿ ವಿಲ್ಲಾಗಳು ಎದ್ದದ್ದು
ಕಣ್ಣಾರೆ ಕಂಡಿಲ್ಲ, ತೂಗಿ ಬಲ್ಲೆ.

ಅದಕ್ಕೂ ಮೊದಲು ಗಂಗಾವತಿಯ ಗಿರಣಿಯಲ್ಲಿ
ಇಂಥದೇ ಕಾಟಾದ ಮೇಲೆ ಅಕ್ಕಿ ತೂಗುತ್ತಿದ್ದೆ.
ಇಲ್ಲೂ ಅರ್ಧಕ್ಕರ್ಧ ಅದೇ:
ಬೆಂದದ್ದು, ಕೇಸರಿ ಹಚ್ಚಿದ್ದು, ಬೆರಳು ಮುಟ್ಟದೆ ಹಳಸಿದ್ದು.

ನಮ್ಮವ್ವನ ಬಾಯಲ್ಲಿ ಕಸ ಒಂದೇ ಆಗಿರಲಿಲ್ಲ.
ಮುಸುರೆ ಎಮ್ಮೆಯ ಬಾನಿಗೆ, ಎಂಜಲು ನಾಯಿಗೆ,
ಬೂದಿ ಪಾತ್ರೆಗೆ, ರದ್ದಿ ಕಿರಾಣಿಯವನಿಗೆ,
ಒಡಕು ತಗಡು ಗುಜರಿಗೆ.
ಇಷ್ಟು ಹೆಸರು ಕರೆದ ಮೇಲೆ ಎಸೆಯಲು
ಅವಳ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.
ಜಾಣತನವೆನ್ನಲಾರೆ; ಇಲ್ಲದವರ ಲೆಕ್ಕ ಅದು.
ನನ್ನ ಪರದೆಯ ಮೇಲೆ ಒಂದೇ ಹೆಸರು: ಮಿಶ್ರ.

ಹೋದ ಚಳಿಗಾಲ ಬಲದಿಯಾದಿಂದ ಇಂಜಿನಿಯರ್ ಬದ್ರಿಯಾ ಬಂದರು.
ಬೀದಿಗೆ ಎರಡು ತೊಟ್ಟಿ, ಹಸಿರು, ಬೂದು.
ಮೂರು ಭಾಷೆಯಲ್ಲಿ ಕರಪತ್ರ.
ತಿಂಗಳ ಮೇಲೆ ಹಸಿರು ಲಾರಿಯ ಬಾಯಿ ತೆಗೆಸಿ ನೋಡಿದರೆ
ಡಯಪರು, ಟೈಲ್ಸ್ ಚೂರು, ಅರ್ಧ ಸೋಫಾ.
ಅವರು ಕೇಳಿದರು, ಯಾರಿಗೆ ಎಂದಲ್ಲ:
"ಈ ಜನ ಎಂದಾದರೂ ಬೇರೆ ಮಾಡ್ತಾರಾ?"

ಲಾರಿಯ ಮೆಟ್ಟಿಲಲ್ಲಿ ಕೂತಿದ್ದ ಮೊಫಿಜ್ಜುಲ್ ನಕ್ಕ.
"ಮಾಡ್ತಾರಲ್ಲ ಮೇಡಂ. ರೊಟ್ಟಿ."

ಹೌದು, ರೊಟ್ಟಿಯನ್ನು ಯಾರೂ ತೊಟ್ಟಿಗೆ ಹಾಕುವುದಿಲ್ಲ.
ಒಣಗಿದ ಖುಬ್ಜ್ ಚೀಲಕ್ಕೆ ತುಂಬಿ, ಗಂಟು ಹಾಕಿ,
ತೊಟ್ಟಿಯ ಹಿಡಿಕೆಗೆ ಹೊರಗೇ ತೂಗುಬಿಡುತ್ತಾರೆ,
ಆಡಿನವನು ಒಯ್ಯಲಿ, ಗುಬ್ಬಿ ಕುಕ್ಕಲಿ,
ಅನ್ನಕ್ಕೆ ಕೊಳೆ ತಾಗದಿರಲಿ ಎಂದು.
ಯಾವ ಕರಪತ್ರದಲ್ಲೂ ಅದಿಲ್ಲ.
ಅಜ್ಜಿ ಹೇಳಿದ್ದಳು, ಅಷ್ಟೆ.

ಬದ್ರಿಯಾ ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ ನನ್ನ ಪೆನ್ನು ಕೇಳಿ
ತೂಕದ ಚೀಟಿಯ ಬೆನ್ನಿಗೆ ಒಂದು ಕೊಕ್ಕೆ ಬರೆದರು.

ಈಗ ಸವಾದಿ ಕಡೆಯ ಒಂಬತ್ತು ಬೀದಿಗಳಲ್ಲಿ
ತೊಟ್ಟಿಯ ಪಕ್ಕೆಗೆ ಬೆಸೆದ ಕಬ್ಬಿಣದ ಕೊಕ್ಕೆಗಳು.
ಮೊದಲು ರೊಟ್ಟಿ ಬಂತು.
ಅದರ ಮಗ್ಗುಲಿಗೆ, ಮುಚ್ಚಳದ ಡಬ್ಬಿಯಲ್ಲಿ, ಅನ್ನ.
ಯಾರೋ ಖಾಲಿ ಕ್ಯಾನುಗಳನ್ನು ನೇತುಹಾಕಿದರು,
ಯಾರೋ ಮಗುವಿನ ಬೂಟು.

ಗೆದ್ದೆವೆಂದರೆ ಕಾಟಾ ನಗುತ್ತದೆ:
ಇವತ್ತು ಒಟ್ಟು ಇನ್ನೂರ ಹನ್ನೆರಡು ಟನ್ನು,
ಕೊಕ್ಕೆಯಿಂದ ಇಳಿದದ್ದು ಮುನ್ನೂರ ನಲವತ್ತು ಕಿಲೋ.

ಆದರೂ ಆ ಪುಟ್ಟ ಪಿಕಪ್ಪು ಬಂದು ನಿಂತಾಗ
'ಮಿಶ್ರ' ಒತ್ತಲು ಬೆರಳು ಏಳುವುದಿಲ್ಲ.
ವಹಿಯ ಅಂಚಿನಲ್ಲಿ ಕನ್ನಡದಲ್ಲಿ ಬರೆಯುತ್ತೇನೆ:
ಮುಸುರೆ.
ಮೊಫಿಜ್ಜುಲ್ ಇಣುಕಿ ಕೇಳುತ್ತಾನೆ, ಏನದು?
ಯಾರೋ ದಾರಿ ಕಾಯುತ್ತಿರುವ ಕಸ, ಅನ್ನುತ್ತೇನೆ.

ಗೇಟಿನಾಚೆ ಆಡಿನವನು
ಆಗಲೇ ಎರಡು ಸಲ ಹಾರ್ನ್ ಹೊಡೆದಾಗಿದೆ.