ಲೈನ್

ನಾನು ಪುರಸಭೆಯ ನಕ್ಷೆಗಾರ್ತಿ. ದಿನಗೂಲಿ ಲೆಕ್ಕ,
ಪೆನ್ಸಿಲು ಮಾತ್ರ ಸರ್ಕಾರದ್ದು.
ಕುಶಾಲನಗರದ ಹಾಳೆ ಹರಡಿ
ಇನ್ನೂ ಬಾರದ ರೈಲಿಗೆ ದಾರಿ ಎಳೆಯುತ್ತೇನೆ:
ಕಪ್ಪು, ಬಿಳಿ, ಕಪ್ಪು, ಬಿಳಿ,
ಕಟ್ಟುಹಾವಿನ ಮೈಯಂಥ ಗುರುತು.

ರೈಲಿಗಿಂತ ಮೊದಲು ಬಂದವು ಬೋರ್ಡುಗಳು.
'ಸ್ಟೇಷನ್ನಿಗೆ ಐದೇ ನಿಮಿಷ' –
ಯಾವ ಸ್ಟೇಷನ್ನಿಗೆ, ಯಾರ ಕಾಲಿನ ನಿಮಿಷ,
ಕೇಳುವವರಿಲ್ಲ.
ಗದ್ದೆಗೆ ಕೆಂಪು ಮಣ್ಣು ಸುರಿದು, ಬಿಳಿ ಕಲ್ಲು ನೆಟ್ಟು,
ಮೂವತ್ತು-ನಲವತ್ತರ ತುಂಡು ತುಂಡು,
ಬೀದಿಗೊಂದು ಹೂವಿನ ಹೆಸರು.
ಮಳೆಗಾಲದಲ್ಲಿ ಕಾವೇರಿ ಬಂದಳು,
ಸೈಟಿನ ನಂಬರು ನೋಡದೆ ಮಲಗಿದಳು ನಾಲ್ಕು ದಿನ.
ಎದ್ದು ಹೋದ ಮೇಲೆ ಗೋಡೆಗೋಡೆಗೂ
ಎದೆಮಟ್ಟಕ್ಕೆ ಒಂದೇ ಕಂದು ಗೆರೆ.
ಅಷ್ಟು ನೇರ
ನನ್ನ ಸ್ಕೇಲಿನಿಂದಲೂ ಬಂದಿಲ್ಲ.

ಸಂತೆಯ ಮರುದಿನ ಸಭೆ.
ಗೋಡೆಗೆ ನಕ್ಷೆ ಅಂಟಿಸಿದೆ; ಫ್ಯಾನಿನ ಗಾಳಿಗೆ
ಊರಿಗೆ ಊರೇ ಪಟಪಟ.
ಸೈಟು ಮಾರುವ ಬೆಳ್ಯಪ್ಪ ಎದ್ದರು:
"ಲೈನು ಇತ್ತ ಒಂದು ಚೂರು ಬಾಗಲಿ."
ಇತ್ತ ಎಂದರೆ ಅವರ ಹನ್ನೆರಡು ಎಕರೆ.
ಹವಾಲ್ದಾರ್ ಚಿಣ್ಣಪ್ಪ: "ಬರುವುದೇ ಬೇಡ.
ರೈಲಿನ ಹಿಂದೆ ಜಂಗುಳಿ, ಜಂಗುಳಿಯ ಹಿಂದೆ ಕಸ."
ಹೇಳಿ, ಕೊನೆಯ ಬಸ್ಸು ತಪ್ಪೀತೆಂದು
ಕೊಡೆ ಮರೆತು ಓಡಿದರು.

ಮೀನಿನ ಬೀಪಾತು ಕೇಳಿದ್ದು ಇಷ್ಟೇ:
"ಬುಟ್ಟಿ ತಲೆ ಮೇಲಿಟ್ಟುಕೊಂಡು ಇಳಿದರೆ
ಸಂತೆಗೆ ನಡೆದು ಹೋಗಬಹುದಾ?
ಇಲ್ಲಾ, ಮತ್ತಿ ಮಾರಿದ ದುಡ್ಡೆಲ್ಲಾ
ಆಟೋದವನಿಗೇನಾ?"
ನನ್ನ ನಕ್ಷೆಯಲ್ಲಿ ಸ್ಟೇಷನ್ನು
ಊರಿಂದ ನಾಲ್ಕು ಕಿಲೋಮೀಟರು ಆಚೆ.
ಅಲ್ಲಿ ನೆಲ ಅಗ್ಗ.

ಆಗ ಹಿಂದಿನ ಬೆಂಚಿನಿಂದ ಕರ್ಪಿ:
"ಲೈನಾ? ನಾನು ಹುಟ್ಟಿದ್ದೇ ಲೈನಿನಲ್ಲಿ."
ಸಭೆ ನಕ್ಕಿತು. ಅವಳು ನಗಲಿಲ್ಲ.
ತೋಟದ ಲೈನ್ ಮನೆ: ಹತ್ತು ಬಾಗಿಲು, ಒಂದೇ ಮಾಡು,
ಒಂದೇ ನಲ್ಲಿ. ಕೆಲಸ ಬಿಟ್ಟ ದಿನವೇ
ಬಾಗಿಲೂ ಬಿಡಬೇಕು.
"ನಿಮ್ಮ ಲೈನಿನ ಪಕ್ಕ ಎಷ್ಟು ಬಾಗಿಲು?
ಒಂದರ ಬೀಗದಕೈಯಾದರೂ
ನನ್ನ ಸೊಂಟಕ್ಕೆ ಬರುತ್ತದಾ?"

ಸಾಹೇಬರು ಗಡಿಯಾರ ನೋಡಿದರು.
ಚಹಾ ಬಂತು.

ರಾತ್ರಿ ರಬ್ಬರು ತೆಗೆದುಕೊಂಡೆ.
ರಬ್ಬರಿಗೆ ಯಾವ ಆದೇಶವೂ ಇರಲಿಲ್ಲ.
ಸ್ಟೇಷನ್ನನ್ನು ಮೆಲ್ಲಗೆ, ಸಂಜೆ
ಎಮ್ಮೆ ಹೊಡೆದುಕೊಂಡು ಬರುವ ಹಾಗೆ,
ಸಂತೆಮಾಳದ ಬೆನ್ನಿಗೆ ತಂದು ಕಟ್ಟಿದೆ.
ಅದರ ಸುತ್ತ, ನಡಿಗೆಯ ಅಳತೆಯಲ್ಲಿ –
ಬೀಪಾತುವಿನ ನಡಿಗೆ, ಬುಟ್ಟಿ ಸಮೇತ –
ಮೂರು ಮಾಳಿಗೆಯ ಮನೆಗಳು, ಕೆಳಗೆ ಅಂಗಡಿ,
ಒಂದು ಅಂಗನವಾಡಿ, ಒಂದು ಹೆರಿಗೆ ಆಸ್ಪತ್ರೆ,
ಒತ್ತೊತ್ತಾಗಿ, ಆದರೂ
ಪ್ರತಿ ಮನೆಗೂ ಅದರದ್ದೇ ನಲ್ಲಿ.
ಬೀಗದಕೈಗೆ ನಕ್ಷೆಯಲ್ಲಿ ಗುರುತಿಲ್ಲ.
ಬಾಗಿಲಿಗೊಂದು ಚುಕ್ಕೆ ಇಟ್ಟೆ.
ಕಂದು ಗೆರೆಯ ಕೆಳಗಿನದೆಲ್ಲ
ಗದ್ದೆಗೆ ವಾಪಸ್ಸು; ಹೊಳೆ ಬಂದರೆ ಚಾಪೆ ಇರಲಿ.
ಆನೆಕಾಡಿನ ಕಡೆ ಒಂದು ಕೈಯಗಲ
ಏನೂ ಬರೆಯಲಿಲ್ಲ.
ಅಲ್ಲಿ ದಾರಿ ಯಾರದ್ದೆಂದು
ಬೆಳಗಿನ ಲದ್ದಿ ಹೇಳುತ್ತದೆ.

ಮರುದಿನ ಸಾಹೇಬರು ಹಾಳೆ ಎತ್ತಿ
ಕಿಟಕಿಯ ಬೆಳಕಿಗೆ ಹಿಡಿದರು.
ಅಳಿಸಿದ್ದು ಪೂರ್ತಿ ಅಳಿದಿರಲಿಲ್ಲ;
ಎರಡೂ ದಾರಿ ಕಾಣುತ್ತಿದ್ದವು,
ಒಂದು ತೆಳು, ಒಂದು ಗಾಢ.
"ಯಾವುದಮ್ಮಾ ಲೈನು?" ಅಂದರು.

ಹಾಳೆಯ ಆಚೆ, ರಸ್ತೆಯಲ್ಲಿ,
ಮಗಳ ಶಾಲೆಯ ಚೀಲ ಹೆಗಲಿಗೆ ಹಾಕಿ
ಕರ್ಪಿ ಬಸ್ಸಿಗೆ ಲೈನು ನಿಂತಿದ್ದಳು,
ಹತ್ತನೆಯವಳೋ ಹನ್ನೊಂದನೆಯವಳೋ.
ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ
ಬಸ್ಸು ಬಂತು. ಲೈನು ಮುರಿಯಿತು.
ಎಲ್ಲರೂ ಒಟ್ಟಿಗೆ ನುಗ್ಗಿದರು.